ಗೋವೈದ್ಯ ಉಂಟು, ಮಾರ್ಜಾಲವೈದ್ಯ ಎಲ್ಲಿ?

ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿಯುವ ನಮ್ಮವರಿಗೆ ಅಲ್ಲಿಯ ಹೂವಿನ ಮಂಡಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಸೇವಂತಿಗೆ, ಚೆಂಡುಹೂವು, ತುಳಸಿಮಾಲೆಗಳ ನಡುವೆ ಗರಿಕೆಯ ಸಣ್ಣ ಸಣ್ಣ ಕಟ್ಟುಗಳನ್ನು ಹರಡಿಕೊಂಡು ಕುಳಿತ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ. 'ದುರ್ವಾ' ಎಂದು ಮರಾಠಿಯಲ್ಲಿ ಕೇಳಿ ಕೊಂಡೂ ಇದ್ದೇವೆ. ಸಂಕಷ್ಟಿಯ ದಿನ ಗಣಪತಿಗೆಂದು ತಂದಿಟ್ಟ ಆ ಕಟ್ಟಿನಿಂದ ಮನೆಯ ಬೆಕ್ಕು ನಾಲ್ಕು ಎಸಳು ಕದ್ದು ತಿನ್ನುವುದೂ ನಮಗೆ ಹೊಸತಲ್ಲ. ಇಲಿಯನ್ನೇ ವಾಹನ ಮಾಡಿಕೊಂಡ ದೇವರಿಗೆ ಮೀಸಲಾದುದನ್ನು ಬೆಕ್ಕು ತಿನ್ನುವ ತಮಾಷೆ ಹಾಗಿರಲಿ. ತಿಂದ ಸ್ವಲ್ಪ ಹೊತ್ತಿನಲ್ಲಿ ಅದು ಮೂಲೆಗೆ ಹೋಗಿ ಕೂದಲ ಉಂಡೆಯನ್ನು ಕಕ್ಕಿದರೆ ಮನೆಯ ಹಿರಿಯರು, 'ನೋಡಿದಿರಾ, ಮೂಕಪ್ರಾಣಿಗೂ ತನ್ನ ಮದ್ದು ತನಗೆ ಗೊತ್ತು' ಎನ್ನುತ್ತಾರೆ.

ಈ ಮಾತನ್ನು ಮೆಚ್ಚಿಕೊಂಡು ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇವೆ. ಬೆಕ್ಕಿಗೆ ಒಂದು ದಿನವಲ್ಲ, ತಿಂಗಳುಗಟ್ಟಲೆ ಹೊಟ್ಟೆ ಸರಿಯಿಲ್ಲ ಎಂದುಕೊಳ್ಳೋಣ. ಒಂದು ವಾರ ಭೇದಿ, ಇನ್ನೊಂದು ವಾರ ಮಲಬದ್ಧತೆ, ನಡುನಡುವೆ ವಾಂತಿ, ದಿನದಿನಕ್ಕೆ ಇಳಿಯುವ ಮೈ. ಆಗ ಊರಿನಿಂದ ತಂದ ಡಬ್ಬಿ ಹೊರಗೆ ಬರುತ್ತದೆ. ಕೂಸಿಗೆ ತೇದು ನೆಕ್ಕಿಸುವ ಬಜೆ, ಜಾಯಿಕಾಯಿ, ಅಳಲೆಕಾಯಿ, ಓಮದ ಕಷಾಯ, ಚಿಟಿಕೆ ಇಂಗು, ಒಂದೆಸಳು ಬೆಳ್ಳುಳ್ಳಿ, ಯಾವುದಕ್ಕೂ ಬಗ್ಗದಿದ್ದರೆ ಚಮಚ ಹರಳೆಣ್ಣೆ. 'ನಮ್ಮ ಹಿರಿಯರಿಂದ ಬಂದ ಮದ್ದು, ಕೆಡುಕು ಮಾಡುವುದಿಲ್ಲ' ಎಂಬ ನಂಬಿಕೆ ಇದರ ಹಿಂದೆ ಇದೆ. ನಂಬಿಕೆ ಒಳ್ಳೆಯದೇ. ಆದರೆ ಹಿರಿಯರು ನಿಜವಾಗಿ ಬೆಕ್ಕಿಗೆ ಮದ್ದು ಹೇಳಿದ್ದರೇ? ಈ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಬೇಕು. ಹುಡುಕಿದವರಿಗೆ ಸಿಗುವ ಸಂಗತಿಗಳು ಸ್ವಾರಸ್ಯಕರವೂ ಹೌದು, ಒಂದು ಜೀವದ ಪ್ರಶ್ನೆಯಾದ್ದರಿಂದ ಅಗತ್ಯವೂ ಹೌದು.

ಆನೆಗೆ, ಕುದುರೆಗೆ, ಹಸುವಿಗೆ

ಪ್ರಾಣಿಗಳಿಗೆ ಗಿಡಮೂಲಿಕೆಯ ಚಿಕಿತ್ಸೆ ಎಂಬುದು ನಮ್ಮ ದೇಶದಲ್ಲಿ ನಿನ್ನೆ ಮೊನ್ನೆಯದಲ್ಲ. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯ ಚಿಕಿತ್ಸೆ, ಪಶು ಚಿಕಿತ್ಸೆ ಎಂದು ಎರಡು ಬಗೆಯ ಚಿಕಿತ್ಸೆಗಳನ್ನು ಏರ್ಪಡಿಸಿದುದಾಗಿ ಸಾರಿದ್ದಾನೆ. ಔಷಧದ ಗಿಡಗಳು ಇಲ್ಲದ ಕಡೆ ಅವನ್ನು ತರಿಸಿ ನೆಡಿಸಿದುದಾಗಿಯೂ ಹೇಳಿದ್ದಾನೆ. ದಾದರಿನಿಂದ ವಿರಾರ್ ಲೋಕಲ್ ಹಿಡಿದರೆ ಸಿಗುವ ನಾಲಾಸೋಪಾರಾದಲ್ಲಿಯೂ ಅವನ ಬಂಡೆಶಾಸನಗಳ ತುಂಡುಗಳು ದೊರೆತಿವೆ; ಆದುದರಿಂದ ಈ ಚಕ್ರವರ್ತಿ ಮುಂಬಯಿಗೆ ಪರಕೀಯನಲ್ಲ. ಎರಡನೆಯ ಶಾಸನದ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಮನುಷ್ಯರಿಗೆ ಹಿತವಾದ ಮೂಲಿಕೆಗಳು, ಪಶುಗಳಿಗೆ ಹಿತವಾದ ಮೂಲಿಕೆಗಳು ಎಂದು ಅದು ಬೇರೆ ಬೇರೆಯಾಗಿ ಹೇಳುತ್ತದೆ. ಒಬ್ಬರಿಗೆ ಹಿತವಾದುದು ಇನ್ನೊಬ್ಬರಿಗೆ ತಾನಾಗಿ ಹಿತವಾಗಬೇಕಿಲ್ಲ ಎಂಬ ವಿವೇಕ ಅಷ್ಟು ಹಿಂದೆಯೇ ಇತ್ತು.

ಸಂಸ್ಕೃತದಲ್ಲಿ ಈ ವಿವೇಕ ದೊಡ್ಡ ಶಾಸ್ತ್ರಗಳಾಗಿ ಬೆಳೆಯಿತು. ಆನೆಗೆ ಪಾಲಕಾಪ್ಯ ಮುನಿಯ 'ಹಸ್ತ್ಯಾಯುರ್ವೇದ'. ಕುದುರೆಗೆ ಶಾಲಿಹೋತ್ರನ ಶಾಸ್ತ್ರ. ಈ ಶಾಲಿಹೋತ್ರನ ಹೆಸರಿನಿಂದಲೇ ಕುದುರೆಯ ವೈದ್ಯನಿಗೆ 'ಸಾಲೋತ್ರಿ' ಎಂಬ ಹೆಸರು ಉತ್ತರದಲ್ಲಿ ರೂಢಿಗೆ ಬಂತು.

ಕನ್ನಡವೇನೂ ಹಿಂದೆ ಬೀಳಲಿಲ್ಲ. ಗಂಗರ ಎರಡನೆಯ ಶಿವಮಾರನು ಸುಮಾರು 800ರಲ್ಲಿ ಆನೆಗಳ ವಿಷಯವಾಗಿ 'ಗಜಾಷ್ಟಕ' ರಚಿಸಿದನೆಂದು ಪ್ರತೀತಿ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ 'ಲೋಕೋಪಕಾರ'ವನ್ನು ಬರೆದನು. ಹೆಸರಿಗೆ ತಕ್ಕ ಗ್ರಂಥ. ಅಂತರ್ಜಲ ಹುಡುಕುವುದು, ಗಿಡಮರಗಳ ಪಾಲನೆ, ಅಡಿಗೆ, ಸುಗಂಧ, ವಿಷಚಿಕಿತ್ಸೆ, ಪಶುಚಿಕಿತ್ಸೆ, ಶಕುನ, ಹೀಗೆ ಸಂಸಾರಿಗೆ ಬೇಕಾದುದೆಲ್ಲ ಅದರಲ್ಲಿದೆ. ಅದೇ ಜಯಸಿಂಹನ ಆಸ್ಥಾನದಲ್ಲಿಯೇ ದುರ್ಗಸಿಂಹನು ಪ್ರಾಣಿಗಳ ಬಾಯಲ್ಲಿ ನೀತಿ ಹೇಳಿಸಿದ 'ಪಂಚತಂತ್ರ'ವೂ ಹುಟ್ಟಿತೆಂಬುದು ಯೋಗಾಯೋಗ. ಮುಂದೆ 12ನೆಯ ಶತಮಾನದ ಆರಂಭದ ಹೊತ್ತಿಗೆ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ಪಶುವೈದ್ಯಕ್ಕೇ ಮೀಸಲಾದ ಕನ್ನಡ ಗ್ರಂಥಗಳಲ್ಲಿ ಇದೇ ಅತಿ ಹಳೆಯದೆಂದು ಪಂಡಿತರು ಎಣಿಸುತ್ತಾರೆ. ಔಷಧದೊಂದಿಗೆ ಮಂತ್ರವೂ ಅದರಲ್ಲಿ ಬೆರೆತಿದೆ. ಆ ಕಾಲಕ್ಕೆ ಅದು ಸಹಜ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರನ 'ಅಶ್ವವೈದ್ಯ' ಬಂತು. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣಪಂಡಿತನು 'ಹಯಸಾರಸಮುಚ್ಚಯ'ವನ್ನು ಬರೆದನು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡೋಣ. ಗಜ, ಗೋ, ಅಶ್ವ, ಹಯ. ರಾಜನಿಗೆ ಯುದ್ಧಕ್ಕೆ ಬೇಕಾದವು ಆನೆ ಕುದುರೆಗಳು. ಪ್ರಜೆಗೆ ಉಳುಮೆಗೆ, ಹಾಲಿಗೆ ಬೇಕಾದವು ದನಕರುಗಳು. ಹೆಸರುವಾಸಿಯಾದ ಈ ಕನ್ನಡ ಗ್ರಂಥಗಳಲ್ಲಿ ಬೆಕ್ಕಿನ ಹೆಸರು ಹೊತ್ತ ಒಂದೂ ಇಲ್ಲ. ಇದಕ್ಕೆ ಬೆಕ್ಕಿನ ಮೇಲಿನ ಅಸಡ್ಡೆ ಕಾರಣವಲ್ಲ. ಬೆಕ್ಕು ಅರಮನೆಯ ಲಾಯಕ್ಕೂ ಸೇರಲಿಲ್ಲ, ರೈತನ ಕೊಟ್ಟಿಗೆಗೂ ಸೇರಲಿಲ್ಲ. ಅದು ಒಲೆಯ ಬದಿಗೆ, ಕಣಜದ ಸಂದಿಗೆ ಸೇರಿತು. ಸಾಕಿದವರಿಗಿಂತ ಹೆಚ್ಚಾಗಿ ತಾನೇ ತನ್ನನ್ನು ಸಾಕಿಕೊಂಡಿತು. ಗಂಡಸರು ಬರೆದ ಶಾಸ್ತ್ರಗಳ ಕಣ್ಣಿಗೆ ಅದು ಬೀಳಲಿಲ್ಲ. ಅಡಿಗೆಮನೆಯ ಹೆಂಗಸರ ಕಣ್ಣಿಗೆ ಬಿತ್ತು, ಆದರೆ ಅವರು ಬರೆದಿಡಲಿಲ್ಲ.

ತೂಕವಾಗಿ ಬಂದ ಬೆಕ್ಕು

ಹಾಗೆಂದು ಆಯುರ್ವೇದದಲ್ಲಿ ಬೆಕ್ಕೇ ಇಲ್ಲವೆನ್ನುವಂತಿಲ್ಲ. ಅದು ಬಂದ ರೀತಿ ಮಾತ್ರ ವಿಚಿತ್ರವಾಗಿದೆ. ಔಷಧ ತೂಗುವ 'ಕರ್ಷ' ಎಂಬ ಅಳತೆಗೆ ಹಳೆಯ ವೈದ್ಯಗ್ರಂಥಗಳು ಹಲವು ಪರ್ಯಾಯ ಹೆಸರುಗಳನ್ನು ಕೊಡುತ್ತವೆ. ಅವುಗಳಲ್ಲೊಂದು 'ಬಿಡಾಲಪದಕ', ಅಂದರೆ ಬೆಕ್ಕಿನ ಹೆಜ್ಜೆ. ಈಗಿನ ಲೆಕ್ಕದಲ್ಲಿ ಒಂದು ಕರ್ಷವನ್ನು 12 ಗ್ರಾಂ ಎಂದು ಹಿಡಿಯುತ್ತಾರೆ.

ಬೆಕ್ಕಿನ ಹೆಜ್ಜೆಯಷ್ಟು ಎಂದರೆ ಎಷ್ಟೋ ಸ್ವಲ್ಪವೆಂದು ನಮಗೆ ಅನಿಸುತ್ತದೆ. ಆದರೆ ಆ ಅಳತೆ ಮನುಷ್ಯನ ಔಷಧಕ್ಕೆ ಮಾಡಿದ್ದು. ನಮ್ಮ ಮನೆಯ ಬೆಕ್ಕು ಸಾಮಾನ್ಯವಾಗಿ 4 ಕಿಲೋ ತೂಗುತ್ತದೆ. ಅದಕ್ಕೆ 12 ಗ್ರಾಂ ಚೂರ್ಣ ಕೊಡುವುದೂ 60 ಕಿಲೋ ತೂಕದ ಮನುಷ್ಯನಿಗೆ 180 ಗ್ರಾಂ ಚೂರ್ಣ ತಿನ್ನಿಸುವುದೂ ಪ್ರಮಾಣದಲ್ಲಿ ಒಂದೇ. ತನ್ನ ಹೆಸರಿನ ಅಳತೆಯೇ ಬೆಕ್ಕಿಗೆ ಹೊರಲಾರದ ಹೊರೆ! 'ಸ್ವಲ್ಪವೇ ಕೊಟ್ಟೆವು' ಎನ್ನುವಾಗ ಯಾರ ಅಳತೆಯ ಸ್ವಲ್ಪ ಎಂಬುದನ್ನು ಯೋಚಿಸಬೇಕಾಗುತ್ತದೆ.

ಕೂಸಿನ ಮದ್ದು ಬೆಕ್ಕಿಗೆ ಹೇಗೆ ಬಂತು ಎಂಬುದನ್ನೂ ಇಲ್ಲಿಯೇ ಹೇಳಬಹುದು. ಕೂಸು ಹುಟ್ಟಿದ ಆರನೆಯ ದಿನ ಹಣೆಬರಹ ಬರೆಯಲು ಬರುವ ತಾಯಿಯನ್ನು ಮಹಾರಾಷ್ಟ್ರದವರು ಸಟವಾಯಿ ಎನ್ನುತ್ತಾರೆ. ಬಂಗಾಳದಲ್ಲಿ ಮಕ್ಕಳನ್ನು ಕಾಯುವ ಷಷ್ಠೀದೇವಿಗೆ ಬೆಕ್ಕೇ ವಾಹನ. ಬಾಣಂತಿಯ ಕೋಣೆ, ಕೂಸು, ಬೆಕ್ಕು ಇವು ನಮ್ಮ ಮನಸ್ಸಿನಲ್ಲಿ ಒಂದೇ ಕಡೆ ಮಲಗಿವೆ. ಎತ್ತಿದರೆ ಅದೇ ಭಾರ, ಅತ್ತರೆ ಅದೇ ದನಿ. ಆದ್ದರಿಂದ ಕೂಸಿಗೆ ತೇದ ಬಜೆಯಲ್ಲಿ ಒಂದು ಹನಿ ಬೆಕ್ಕಿಗೂ ಹೋಯಿತು. ಅದು ಪ್ರೀತಿಯ ದಾರಿಯೇ ಹೊರತು ಶಾಸ್ತ್ರದ ದಾರಿಯಲ್ಲ.

ಪ್ಲೇಗು ತಂದ ಮರ್ಯಾದೆ

ಇನ್ನು ನಮ್ಮ ಮುಂಬಯಿಗೆ ಬರೋಣ. ಈ ಊರಿನಲ್ಲಿ ಪ್ರಾಣಿದಯೆಯ ಕಥೆ ನಾಯಿಯಿಂದ ಮೊದಲಾಗುತ್ತದೆ. 1832ರ ಜೂನ್ ತಿಂಗಳಲ್ಲಿ ಸರ್ಕಾರ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು ಕೋಟೆ ಪ್ರದೇಶದಲ್ಲಿ ಬೀದಿಗಿಳಿದರು. ಜೈನರೂ ಹಿಂದೂಗಳೂ ಜೊತೆಗೂಡಿದರು. ಎರಡು ವರ್ಷದ ತರುವಾಯ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾ ಇವರು ಭುಲೇಶ್ವರದಲ್ಲಿ ಪಾಂಜರಾಪೋಳವನ್ನು ಸ್ಥಾಪಿಸಿದರು. ದಿಕ್ಕಿಲ್ಲದ ಪ್ರಾಣಿಗಳಿಗೆ ಆಶ್ರಯವೇನೋ ಸಿಕ್ಕಿತು. ಚಿಕಿತ್ಸೆ ಇನ್ನೂ ದೂರವಿತ್ತು.

ಬೆಕ್ಕಿಗೆ ಊರಿನಲ್ಲಿ ಮರ್ಯಾದೆ ತಂದದ್ದು 1896ರ ಪ್ಲೇಗು. ಮಾಂಡವಿಯಲ್ಲಿ ಡಾ. ಅಕಾಸಿಯೊ ವೀಗಾಸ್ ಅವರು ಗುರುತಿಸಿದ ಆ ರೋಗ ಲಕ್ಷಾಂತರ ಜನರನ್ನು ಊರು ಬಿಡಿಸಿತು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕ ಎಂಬುದನ್ನು 1898ರಲ್ಲಿ ಕರಾಚಿಯಲ್ಲಿ ಸೀಮೋನ್ ಎಂಬ ಫ್ರೆಂಚ್ ವೈದ್ಯರು ತೋರಿಸಿಕೊಟ್ಟ ಮೇಲೆ ಇಲಿ ಎಲ್ಲರ ಶತ್ರುವಾಯಿತು. ಇಲಿಯ ಶತ್ರು ಎಲ್ಲರ ಮಿತ್ರನಾಯಿತು. ಬ್ಯುಕ್ಯಾನನ್ ಎಂಬ ಸರ್ಕಾರಿ ವೈದ್ಯಾಧಿಕಾರಿಯು ಬೆಕ್ಕುಗಳೇ ಪ್ಲೇಗಿನ ತಡೆ ಎಂದು ವಾದಿಸಿ 1908ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. ನಮ್ಮ ದಾದರ್ ಕೂಡ ಈ ಪ್ಲೇಗಿನ ಮಗುವೇ. ಇಕ್ಕಟ್ಟಾದ ಹಳೆಯ ಪೇಟೆಗಳಿಂದ ಜನರನ್ನು ಹೊರತರಲೆಂದು 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್, ಮಾಟುಂಗಾ, ಸಯನ್ ಕಡೆಯ ಜೌಗು ನೆಲ, ಗದ್ದೆಗಳನ್ನು ನಿವೇಶನಗಳನ್ನಾಗಿ ಮಾಡಿತು. ಹಿಂದೂ ಕಾಲನಿ, ಪಾರ್ಸಿ ಕಾಲನಿ, ಫೈವ್ ಗಾರ್ಡನ್ಸ್ ಇವೆಲ್ಲ ಎದ್ದುದು ಹೀಗೆ. ಮುಂದೆ ಧಾರವಾಡ, ವಿಜಾಪುರ, ಕಾರವಾರ, ಮಂಗಳೂರು, ಉಡುಪಿಗಳಿಂದ ನಮ್ಮವರು ಬಂದು ನೆಲೆಸಿದುದೂ ಈ ಓಣಿಗಳಲ್ಲಿಯೇ. ಹೋಟೆಲಿನ ದಾಸ್ತಾನು ಕೋಣೆಯಲ್ಲಿ ಅಕ್ಕಿಮೂಟೆಯ ಮೇಲೆ ಮಲಗಿದ ಬೆಕ್ಕನ್ನು ಮಾಲೀಕರೂ ಮಾಣಿಗಳೂ ಓಡಿಸುತ್ತಿರಲಿಲ್ಲ. ಅದು ಸಂಬಳವಿಲ್ಲದ ಕಾವಲುಗಾರ.

ಚಿಕಿತ್ಸೆಯ ಕಥೆ ದಾದರಿನ ಪಕ್ಕದ ಸ್ಟೇಷನ್ನಿನದು. ಪ್ರಾಣಿಹಿಂಸೆ ತಡೆಯುವ ಸಂಘ ಮುಂಬಯಿಯಲ್ಲಿ 1874ರಲ್ಲಿ ಸ್ಥಾಪನೆಯಾಯಿತು. ಅದರ ಮುಂದಿನ ದಶಕದಲ್ಲಿ ಗಿರಣಿಯ ಶ್ರೀಮಂತ ದಿನ್‌ಶಾ ಮಾಣೇಕ್‌ಜಿ ಪೆಟಿಟ್ ಅವರ ದಾನದಿಂದ ಪರೇಲಿನಲ್ಲಿ ಅವರ ಪತ್ನಿಯ ಹೆಸರಿನ 'ಬಾಯಿ ಸಾಕರಬಾಯಿ ಪ್ರಾಣಿಗಳ ಆಸ್ಪತ್ರೆ' ಎದ್ದಿತು. 1886ರಲ್ಲಿ ಅಲ್ಲಿಯೇ ಮುಂಬಯಿ ಪಶುವೈದ್ಯ ಕಾಲೇಜೂ ಆರಂಭವಾಯಿತು. ಆಗ ಊರಿನ ಟ್ರಾಮುಗಳನ್ನು ಎಳೆಯುತ್ತಿದ್ದವು ಕುದುರೆಗಳು. ಸಾಮಾನು ಎಳೆಯುತ್ತಿದ್ದವು ಎತ್ತುಗಳು. ಎಂದರೆ ಪಾಶ್ಚಾತ್ಯ ಪದ್ಧತಿಯ ಆ ಕಾಲೇಜೂ ನಮ್ಮ ಶಾಲಿಹೋತ್ರ, ಕೀರ್ತಿವರ್ಮರಂತೆ ಕುದುರೆ ದನಗಳಿಂದಲೇ ಮೊದಲಿಟ್ಟಿತು. 1905ರಲ್ಲಿ ಕುದುರೆಯ ಟ್ರಾಮು ನಿಂತಿತು. 1907ರಲ್ಲಿ ವಿದ್ಯುತ್ ಟ್ರಾಮು ಬಂತು. ಬೀದಿಯಿಂದ ಕುದುರೆ ಎತ್ತುಗಳು ಮರೆಯಾದಂತೆ ನಾಯಿ ಬೆಕ್ಕುಗಳು ಆಸ್ಪತ್ರೆಯ ಸಾಲಿನಲ್ಲಿ ಮುಂದಕ್ಕೆ ಬಂದವು. ಸಾವಿರ ವರ್ಷ ಬಾಗಿಲ ಹೊರಗೆ ಕಾದಿದ್ದ ಬೆಕ್ಕಿಗೆ ಕೊನೆಗೂ ಒಂದು ವೈದ್ಯಶಾಸ್ತ್ರ ದೊರಕಿತು ಎನ್ನಬಹುದು.

ಮೂಲಿಕೆಯ ವ್ಯಾಪಾರವೂ ದಾದರಿನಲ್ಲಿ ಬೇರೂರಿತ್ತು. 1910ರಲ್ಲಿ ಜುಗತರಾಮ ವೈದ್ಯರು ಆರಂಭಿಸಿದ ಝಂಡು ಔಷಧಾಲಯದ ಕಾರ್ಖಾನೆ ದಶಕಗಳ ಕಾಲ ಗೋಖಲೆ ರಸ್ತೆಯಲ್ಲಿತ್ತು. ನಮ್ಮ ಊರಿನ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಅಳಲೆ, ತಾರೆ, ಹಿಪ್ಪಲಿಗಳು ಇಲ್ಲಿಯ ಕಾಷ್ಠೌಷಧಿಯ ಅಂಗಡಿಗಳಲ್ಲೂ ಸಿಕ್ಕವು. ಹೀಗಾಗಿ ಒಂದು ಮೈಲಿಯ ಒಳಗೆ ಎರಡೂ ಲೋಕಗಳು ಇದ್ದವು: ಮನುಷ್ಯನಿಗೆಂದು ಮಾಡಿದ ಮೂಲಿಕೆ ಒಂದು ಕಡೆ, ಪ್ರಾಣಿಗಳ ಆಸ್ಪತ್ರೆ ಇನ್ನೊಂದು ಕಡೆ. ನಡುವೆ ಬೆಕ್ಕನ್ನು ಎತ್ತಿಕೊಂಡು ನಿಂತವರು ನಾವು.

ಬೆಕ್ಕು ಪುಟ್ಟ ಹಸುವಲ್ಲ

ಬಿದಿರಿನ ಗೊಟ್ಟದಲ್ಲಿ ಹಸುವಿನ ಬಾಯಿಗೆ ಮದ್ದು ಹೊಯ್ಯುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ. ಆ ಮದ್ದುಗಳಲ್ಲಿ ಎಷ್ಟೋ ಇಂದಿಗೂ ಬಾಳುತ್ತಿವೆ. ಲೋಳೆಸರ, ಅರಿಶಿನ, ಸುಣ್ಣಗಳನ್ನು ಅರೆದು ಕೆಚ್ಚಲುಬಾವಿಗೆ ಹಚ್ಚುವ ಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಈಚಿನ ವರ್ಷಗಳಲ್ಲಿ ರೈತರಿಗೆ ಹೇಳಿಕೊಡುತ್ತಿದೆ. ಗೋವೈದ್ಯದ ಪರಂಪರೆ ಜೀವಂತವಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಹಸು ಹುಟ್ಟಿನಿಂದಲೇ ಸೊಪ್ಪುಸದೆ ತಿನ್ನುವ ಜೀವ. ಗಿಡಗಳಲ್ಲಿರುವ ಕಹಿ, ಒಗರು, ಘಾಟುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಮೈಗೆ ಇದೆ. ಬೆಕ್ಕು ಮಾಂಸವನ್ನೇ ತಿಂದು ಬದುಕಬೇಕಾದ ಜೀವ. ಸಾವಿರಾರು ತಲೆಮಾರು ಗಿಡ ತಿನ್ನದೆ ಬದುಕಿದ ಪ್ರಾಣಿಯ ಯಕೃತ್ತಿಗೆ ಗಿಡದ ವಿಷಗಳೊಂದಿಗೆ ಹೋರಾಡುವ ಆಯುಧ ಬೇಕಾಗಲಿಲ್ಲ; ಬೇಕಾಗದ ಆಯುಧ ತುಕ್ಕು ಹಿಡಿಯಿತು.

ಇದು ಬರಿಯ ಉಪಮೆಯಲ್ಲ. ಮನುಷ್ಯನ ಯಕೃತ್ತು ಫೀನಾಲ್ ಜಾತಿಯ ವಸ್ತುಗಳನ್ನು ಗ್ಲುಕುರೋನಿಕ್ ಆಮ್ಲಕ್ಕೆ ಬೆಸೆದು ಮೂತ್ರದ ದಾರಿಯಲ್ಲಿ ಹೊರಹಾಕುತ್ತದೆ. ಈ ಬೆಸುಗೆಯನ್ನು ಮಾಡಿಸುವ ಒಂದು ಮುಖ್ಯ ವಂಶವಾಹಿ ಬೆಕ್ಕಿನಲ್ಲಿ ಕೆಟ್ಟು ನಿಂತಿದೆಯೆಂದು ವಿಜ್ಞಾನಿಗಳು ಪತ್ತೆ ಮಾಡಿದ್ದಾರೆ. ಆದ್ದರಿಂದ ನಮ್ಮ ಮೈಯಿಂದ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವ ಆಸ್ಪಿರಿನ್ ಬೆಕ್ಕಿನ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಜ್ವರಕ್ಕೆ ನಾವು ನುಂಗುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಓಮದ ಘಾಟಿಗೆ ಕಾರಣವಾದ ಥೈಮಾಲ್, ಲವಂಗದ ಯೂಜೆನಾಲ್ ಇವೂ ಫೀನಾಲ್ ಜಾತಿಯವೇ. ಕೂಸಿನ ಹೊಟ್ಟೆನೋವನ್ನು ಇಳಿಸುವ ಓಮ ಬೆಕ್ಕಿಗೆ ಭಾರವಾಗುವುದು ಈ ಕಾರಣದಿಂದ. ಈರುಳ್ಳಿ ಬೆಳ್ಳುಳ್ಳಿಗಳ ಮಾತು ಬೇರೆ. ಅವು ಬೆಕ್ಕಿನ ರಕ್ತದ ಕೆಂಪುಕಣಗಳನ್ನೇ ಒಡೆಯುತ್ತವೆ. ಜಾಯಿಕಾಯಿ ನರಗಳನ್ನು ಕೆಣಕುತ್ತದೆ. ಇನ್ನು ಹರಳೆಣ್ಣೆಯಂತಹ ಎಣ್ಣೆಗಳನ್ನು ಒತ್ತಾಯದಿಂದ ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ಬೇರೆಯೇ ರೋಗಕ್ಕೆ ದಾರಿಯಾಗಬಹುದು.

ಒಂದು ಪ್ರಾಣಿಯ ಮದ್ದು ಇನ್ನೊಂದಕ್ಕೆ ಮೃತ್ಯುವಾಗುವುದಕ್ಕೆ ಮುಂಬಯಿಗರು ಮರೆಯಲಾಗದ ಒಂದು ನಿದರ್ಶನವಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆಗೆ ಸೇರಿ ಅವುಗಳ ಮೂತ್ರಪಿಂಡವನ್ನು ಕೆಡಿಸಿತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ದೇಶದ ಆಕಾಶ ಬಹುಮಟ್ಟಿಗೆ ಬರಿದಾಗಿತ್ತು. ಪಾರ್ಸಿ ಬಾಂಧವರ ಮೌನಗೋಪುರಗಳಿಗೆ ಹದ್ದುಗಳು ಬರುವುದು ನಿಂತುಹೋಯಿತು. ದನಕ್ಕೆ ಹಿತವಾದುದು ಹದ್ದಿಗೆ ವಿಷವಾದ ಹಾಗೆಯೇ ಕೂಸಿಗೆ ಹಿತವಾದುದು ಬೆಕ್ಕಿಗೆ ವಿಷವಾಗುವುದರಲ್ಲಿ ಆಶ್ಚರ್ಯವೇನಿದೆ?

ಔಷಧವಷ್ಟೇ ಅಲ್ಲ, ಪಥ್ಯವೂ ಬೇರೆಯೇ. 'ಲಂಘನಂ ಪರಮೌಷಧಂ' ಎಂದು ನಮ್ಮಲ್ಲಿ ಹೊಟ್ಟೆ ಕೆಟ್ಟವರನ್ನು ಉಪವಾಸ ಕೆಡವುತ್ತಾರೆ. ಬೆಕ್ಕು, ಅದರಲ್ಲೂ ದಪ್ಪನೆಯ ಬೆಕ್ಕು, ಎರಡು ಮೂರು ದಿನ ಅನ್ನ ಬಿಟ್ಟಿತೆಂದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಮನುಷ್ಯನಿಗೆ ಪರಮೌಷಧವಾದುದು ಇಲ್ಲಿ ಪರಮ ಅಪಾಯ.

ಇನ್ನು ಹಾಲು. ಬೆಕ್ಕಿಗೂ ಹಾಲಿಗೂ ನಾವು ಗಾದೆಗಳಲ್ಲಿಯೇ ಗಂಟು ಹಾಕಿಬಿಟ್ಟಿದ್ದೇವೆ. ಹಾಲು ಕಂಡರೆ ಓಡುವ ಬೆಕ್ಕನ್ನು ರಾಯರ ಆಸ್ಥಾನಕ್ಕೆ ತಂದ ತೆನಾಲಿ ರಾಮಕೃಷ್ಣನ ಕಥೆ ಕೇಳಿ ನಗದವರಿಲ್ಲ. ಆದರೆ ಮರಿತನ ಕಳೆದ ಬಹುಪಾಲು ಬೆಕ್ಕುಗಳಲ್ಲಿ ಹಾಲಿನ ಸಕ್ಕ���ೆಯನ್ನು ಅರಗಿಸುವ ಶಕ್ತಿ ಕುಂದಿರುತ್ತದೆ. ಸದಾ ಕಾಡುವ ಭೇದಿಗೆ ಎಷ್ಟೋ ಮನೆಗಳಲ್ಲಿ ದಿನವೂ ಪ್ರೀತಿಯಿಂದ ಇಡುವ ಹಾಲಿನ ಬಟ್ಟಲೇ ಕಾರಣ. ರಾಮಕೃಷ್ಣನ ಬೆಕ್ಕಿನ ಬಾಯಿ ಸುಟ್ಟಿತೇನೋ ನಿಜ, ಹೊಟ್ಟೆ ಮಾತ್ರ ನೆಮ್ಮದಿಯಾಗಿದ್ದಿರಬೇಕು! ಬರಿಯ ಮೊಸರನ್ನದಲ್ಲಿ ಬೆಕ್ಕನ್ನು ಸಾಕುವ ಸಸ್ಯಾಹಾರಿ ಮನೆಗಳು ನಮ್ಮಲ್ಲಿ ಬಹಳ. ಮಾಂಸದಲ್ಲಿ ಮಾತ್ರ ಸಾಕಷ್ಟು ಸಿಗುವ ಟಾರಿನ್ ಎಂಬ ವಸ್ತುವಿಲ್ಲದೆ ಬೆಕ್ಕಿನ ಕಣ್ಣು ಕೆಡುತ್ತದೆಂದು 1975ರಲ್ಲಿಯೂ ಹೃದಯ ಕೆಡುತ್ತದೆಂದು 1987ರಲ್ಲಿಯೂ ಅಮೆರಿಕೆಯ ಸಂಶೋಧಕರು ತೋರಿಸಿಕೊಟ್ಟರು. ಆಚಾರಕ್ಕೆ ಭಂಗ ಬರುವುದೆಂಬ ಸಂಕೋಚವುಳ್ಳವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನಾದರೂ ತರುವುದು ಮೇಲು.

ಗರಿಕೆ, ಕುಪ್ಪಿಗಿಡ, ಇಸಬ್ಗೋಲು

ಹಾಗಾದರೆ ಹಸುರು ಎಂಬುದೇ ಬೆಕ್ಕಿಗೆ ಸಲ್ಲದೆ? ಅದೂ ಹಾಗಲ್ಲ. ಮೊದಲು ಗರಿಕೆಯ ಮಾತು. ಅಮೆರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಒಡೆಯರನ್ನು ವಿಚಾರಿಸಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹುಲ್ಲು ತಿನ್ನುವುದು ಬೆಕ್ಕಿಗೆ ಸಹಜ ಅಭ್ಯಾಸ. ತಿನ್ನುವ ಮೊದಲು ಕಾಯಿಲೆಯಂತೆ ಕಂಡವು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಕರುಳಿನ ಹುಳುಗಳನ್ನು ತಳ್ಳಲು ಕಾಡಿನ ಪೂರ್ವಜರು ಮಾಡುತ್ತಿದ್ದುದರ ನೆನಪು ಇದಾಗಿರಬೇಕೆಂದು ಅವರ ಊಹೆ. 'ಮೂಕಪ್ರಾಣಿಗೂ ತನ್ನ ಮದ್ದು ಗೊತ್ತು' ಎಂಬ ಹಿರಿಯರ ಮಾತು ಅರ್ಧ ನಿಜವಾಯಿತು: ಅದು ರೋಗ ಬಂದಾಗಿನ ಮದ್ದಲ್ಲ, ಜಾತಿಗೆ ಬಂದ ಅಭ್ಯಾಸ. ಮಂಡಿಯ ಗರಿಕೆಗೆ ಏನು ಸಿಂಪಡಿಸಿದ್ದಾರೋ ಬಲ್ಲವರಿಲ್ಲ. ಆದುದರಿಂದ ಗ್ಯಾಲರಿಯ ಕುಂಡದಲ್ಲಿ ಒಂದು ಹಿಡಿ ಗೋಧಿ ಬಿತ್ತಿ ಬೆಳೆದ ಹುಲ್ಲು ಬೆಕ್ಕಿಗೆ ಸಾಕು. ನವರಾತ್ರಿಯ ಘಟಕ್ಕೆ ಮೊಳಕೆ ಬರಿಸುವ ಮನೆಗಳಿಗೆ ಇದೇನು ಹೊಸ ಕೆಲಸವಲ್ಲ. ಅದೇ ಮಂಡಿಯಿಂದ ಹೂಗುಚ್ಛಕ್ಕೆಂದು ತರುವ ದೊಡ್ಡ ಲಿಲ್ಲಿ ಹೂಗಳನ್ನು ಮಾತ್ರ ಬೆಕ್ಕಿರುವ ಮನೆಗೆ ತರಲೇಬಾರದು. ಎಲೆ, ಹೂವು, ಪರಾಗ, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಎರಡನೆಯದು ಕುಪ್ಪಿಗಿಡ. ಮಳೆಗಾಲದಲ್ಲಿ ಕಾಂಪೌಂಡು ಗೋಡೆಯ ಬುಡದಲ್ಲಿ ತಾನಾಗಿ ಬೆಳೆಯುವ ಕಳೆ; ಕೆಮ್ಮಿಗೆ ಬಳಸುವುದರಿಂದ ಮರಾಠಿಯಲ್ಲಿ ಇದಕ್ಕೆ 'ಖೋಕಲಿ' ಎಂದು ಹೆಸರು. ಅದರ ಬೇರನ್ನು ಕಿತ್ತು ಹಾಕಿದರೆ ಬೆಕ್ಕು ಓಡಿ ಬಂದು ಮೂಸಿ, ಕಚ್ಚಿ, ಅದರ ಮೇಲೆ ಹೊರಳಾಡುತ್ತದೆ. ತಮಿಳರು ಈ ಗಿಡವನ್ನು 'ಪೂನೈವಣಂಗಿ', ಬೆಕ್ಕು ನಮಸ್ಕರಿಸುವ ಗಿಡ, ಎಂದೇ ಕರೆದರು. ಪಾಶ್ಚಾತ್ಯರ 'ಕ್ಯಾಟ್‌ನಿಪ್' ಗಿಡದಲ್ಲಿರುವ ವಸ್ತುವಿನ ಬಂಧುವೇ ಇದರ ಬೇರಿನಲ್ಲೂ ಇದೆ. ಅಂಥ ಗಿಡಗಳಿಗೆ ಮೈಯುಜ್ಜುವ ಬೆಕ್ಕಿನ ಹತ್ತಿರ ಸೊಳ್ಳೆ ಸುಳಿಯುವುದು ಕಡಿಮೆ ಎಂದು ಜಪಾನಿನ ಸಂಶೋಧಕರು 2021ರಲ್ಲಿ ತೋರಿಸಿದರು. ಬೆಕ್ಕಿನ ಒಲವು ಇಲ್ಲಿ ಸ್ಪಷ್ಟ. ಆದರೂ ಇದು ಹೊಟ್ಟೆಯ ಮದ್ದಲ್ಲ. ಎಲೆ ಅರೆದು ಕುಡಿಸುವ ಸಾಹಸ ಬೇಡ.

ಮೂರನೆಯದು ಇಸಬ್ಗೋಲು. ಗುಜರಾತಿನ ಸಿದ್ಧಪುರ, ಊಂಝಾಗಳಿಂದ ಜಗತ್ತಿಗೆಲ್ಲ ಹೋಗುವ ಈ ಹೊಟ್ಟು ನಮ್ಮ ದೇಶದ ಮೂಲಿಕೆಗಳಲ್ಲಿ ಬೆಕ್ಕಿನ ವೈದ್ಯರೂ ಮನಸಾರೆ ಒಪ್ಪಿದ ಒಂದು. ಇದು ರಕ್ತಕ್ಕೆ ಸೇರಿ ಯಕೃತ್ತಿಗೆ ಕೆಲಸ ಕೊಡುವುದಿಲ್ಲ. ನೀರು ಹೀರಿ ಉಬ್ಬಿ, ಕರುಳಿನ ಒಳಗೇ ತನ್ನ ಕೆಲಸ ಮುಗಿಸಿ ಹೊರಗೆ ಹೋಗುತ್ತದೆ. ಬೇಯಿಸಿದ ಸಿಹಿಗುಂಬಳದ ಗುಣವೂ ಬಹುಮಟ್ಟಿಗೆ ಇದೇ. ಮಲಬದ್ಧತೆಗೆ, ಕೆಲವೊಮ್ಮೆ ಭೇದಿಗೂ, ವೈದ್ಯರು ಹೇಳಿದ ಅಳತೆಯಲ್ಲಿ, ಚೆನ್ನಾಗಿ ನೆನೆಸಿ ಒದ್ದೆ ಆಹಾರದೊಂದಿಗೆ ಕೊಡಬೇಕು. ಒಣಹೊಟ್ಟು ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಈ ಮೂರರ ಹಿಂದೆ ಒಂದು ತತ್ತ್ವವಿದೆ. ಯಾವುದು ಕರುಳಿನಲ್ಲಿಯೇ ಉಳಿದು ಹೋಗುತ್ತದೋ ಅದು ಸಾಮಾನ್ಯವಾಗಿ ಬೆಕ್ಕಿಗೆ ಸಹ್ಯ. ಯಾವುದು ಘಾಟು, ಕಹಿ, ಎಣ್ಣೆಯ ರೂಪದಲ್ಲಿ ರಕ್ತಕ್ಕೆ ಇಳಿಯುತ್ತದೋ ಅದನ್ನು ಅನುಮಾನಿಸಬೇಕು. 'ಮೂಲಿಕೆ, ಹಾಗಾಗಿ ನಿರಪಾಯ' ಎಂಬ ಮಾತನ್ನು ಬೆಕ್ಕಿನ ಮುಂದೆ ಆಡುವಂತಿಲ್ಲ.

ಹಿರಿಯರನ್ನು ಅನುಸರಿಸುವುದೆಂದರೆ

ಈ ಬರಹವನ್ನು ಓದಿ, ಅಜ್ಜಿಯರ ಮದ್ದಿಗೆ ನಾವು ಮುಖ ತಿರುಗಿಸಿದೆವೆಂದು ಯಾರೂ ಭಾವಿಸಬಾರದು. ಅಜ್ಜಿಯರ ಹೆಚ್ಚುಗಾರಿಕೆ ಡಬ್ಬಿಯಲ್ಲಿರಲಿಲ್ಲ, ಕಣ್ಣಿನಲ್ಲಿತ್ತು. ಕೂಸಿನ ಅಳು ಕೇಳಿ ಹೊಟ್ಟೆಯೋ ಕಿವಿಯೋ ಎಂದು ಹೇಳುತ್ತಿದ್ದರು. ಸಗಣಿ ನೋಡಿ ಹಸುವಿನ ಹೊಟ್ಟೆಯ ಸ್ಥಿತಿ ಹೇಳುತ್ತಿದ್ದರು. ಮೊದಲು ನಿದಾನ, ಆಮೇಲೆ ಔಷಧ ಎಂಬುದೇ ಆಯುರ್ವೇದದ ಕ್ರಮ. ಬೆಕ್ಕಿನ ಬಹುದಿನದ ಅಜೀರ್ಣವೆಂಬುದು ಒಂದೇ ರೋಗವಲ್ಲ. ಹುಳುವಿರಬಹುದು, ಕೂದಲ ಉಂಡೆಯಿರಬಹುದು, ಆಹಾರ ಒಗ್ಗದಿರಬಹುದು, ಕರುಳಿನ ಬಾವಿರಬಹುದು. ವಯಸ್ಸಾದ ಬೆಕ್ಕಿನಲ್ಲಿ ಥೈರಾಯಿಡ್, ಮೂತ್ರಪಿಂಡ ಅಥವಾ ಕರುಳಿನ ಗಂತಿಯೂ ಇದೇ ವೇಷದಲ್ಲಿ ಬರಬಹುದು. ಇವೆಲ್ಲಕ್ಕೂ ಒಂದೇ ಕಷಾಯ ಕುಡಿಸಿದರೆ ಕಳೆದುಹೋಗುವುದು ಕಾಲ. ಬೆಕ್ಕಿನ ಆಯುಷ್ಯದಲ್ಲಿ ಒಂದು ತಿಂಗಳೆಂಬುದು ಸಣ್ಣದಲ್ಲ.

ಆದುದರಿಂದ ಮನೆಯವರು ಮಾಡಬಹುದಾದ ಕೆಲಸ ಇಷ್ಟು. ಹಾಲು ನಿಲ್ಲಿಸುವುದು. ಒಂದು ಪುಸ್ತಕದಲ್ಲಿ ಬೆಕ್ಕು ತಿಂದದ್ದು, ಕಕ್ಕಿದ್ದು, ವಿಸರ್ಜಿಸಿದ್ದನ್ನು ತಾರೀಖಿನೊಡನೆ ಬರೆದಿಡುವುದು. ವಾರಕ್ಕೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಮ್ಮ ತೂಕವನ್ನು ಕಳೆಯುವುದು. ಎರಡು ಮೂರು ವಾರಕ್ಕೂ ಗುಣ ಕಾಣದಿದ್ದರೆ ಆ ಪುಸ್ತಕದ ಸಮೇತ ಪಶುವೈದ್ಯರಲ್ಲಿಗೆ ಹೋಗುವುದು; ರಕ್ತ ಕಂಡರೆ, ಒಂದು ದಿನ ಪೂರ್ತಿ ಊಟ ಬಿಟ್ಟರೆ, ಅಂದೇ ಹೋಗುವುದು. ಈಗಾಗಲೇ ಏನಾದರೂ ಮೂಲಿಕೆ ಕೊಟ್ಟಿದ್ದರೆ ಸಂಕೋಚಪಡದೆ ಅದರ ಹೆಸರು, ಅಳತೆ ಹೇಳುವುದು. ಮರಾಠಿ ಹೆಸರು ತಿಳಿಯದಿದ್ದರೆ ಆ ಬೇರನ್ನೋ ಕಾಯಿಯನ್ನೋ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಬಹುದು.

ಪಾಲಕಾಪ್ಯನು ಆನೆಯನ್ನು ದೊಡ್ಡ ಮನುಷ್ಯನೆಂದು ತಿಳಿಯಲಿಲ್ಲ. ಕೀರ್ತಿವರ್ಮನು ಹಸುವನ್ನು ಕೊಂಬಿರುವ ಕುದುರೆಯೆಂದು ತಿಳಿಯಲಿಲ್ಲ. ಒಂದೊಂದು ಜೀವಕ್ಕೂ ಅದರದೇ ಶಾಸ್ತ್ರವೆಂದು ಬೇರೆ ಬೇರೆ ಗ್ರಂಥ ಬರೆದರು. ನಮ್ಮ ಪರಂಪರೆಯ ತಿರುಳು ಇದೇ. ಆ ತಿರುಳನ್ನು ಹಿಡಿದರೆ ಬೆಕ್ಕಿಗೆ ಬೆಕ್ಕಿನ ವೈದ್ಯವನ್ನೇ ಹುಡುಕಬೇಕಾಗುತ್ತದೆ. ಬರೆಯದೆ ಉಳಿದ ಆ ಗ್ರಂಥದ ಒಂದೆರಡು ಓಲೆಗಳು ನಮ್ಮ ಸಂಘದ ಹಿರಿಯ ತಾಯಂದಿರ ನೆನಪಿನಲ್ಲಿ ಇನ್ನೂ ಇದ್ದಾವು. ತಮ್ಮ ಊರಿನ ಕಡೆ ಬೆಕ್ಕು ಯಾವ ಗಿಡವನ್ನು ತಾನಾಗಿ ಹುಡುಕಿ ತಿನ್ನುತ್ತಿತ್ತು, ಯಾವುದನ್ನು ಕಂಡರೆ ದೂರ ಸರಿಯುತ್ತಿತ್ತು, ಆ ಗಿಡಕ್ಕೆ ಅಲ್ಲಿಯ ಹೆಸರೇನು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿಕೊಡಬೇಕಾಗಿ ಕೋರುತ್ತೇವೆ. ಕುಡಿಸುವುದಕ್ಕಲ್ಲ, ಬರೆದಿಡುವುದಕ್ಕೆ.